ಘಟ್ಟದ ಕಾಡಲ್ಲಿ ಲದ್ದಿ, ಹಿಕ್ಕೆ ನೋಡಿ ಪ್ರಾಣಿ ಗುರುತಿಸುವುದು ಹೇಗೆ

ಪಶ್ಚಿಮ ಘಟ್ಟದ ಕಾಡಿಗೆ ಹೋದವರಲ್ಲಿ ಬಹಳಷ್ಟು ಜನ ಒಂದೂ ದೊಡ್ಡ ಪ್ರಾಣಿ ನೋಡದೆ ವಾಪಸ್ ಬರುತ್ತಾರೆ. ಕುದುರೆಮುಖ ಇರಲಿ, ಚಾರ್ಮಾಡಿ ಇರಲಿ, ಪುಷ್ಪಗಿರಿ ಇರಲಿ, ಹತ್ತು ಮಾರು ಆಚೆ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೂ ಗೊತ್ತಾಗದಷ್ಟು ದಟ್ಟ ಕಾಡು. ಹಾಗಂತ ಪ್ರಾಣಿಗಳೇ ಇಲ್ಲ ಅಂತಲ್ಲ. ರಾತ್ರಿ ಅದೇ ದಾರಿಯಲ್ಲಿ ಓಡಾಡಿ, ತಿಂದು, ಬೆಳಗಾಗುವ ಹೊತ್ತಿಗೆ ಶೋಲೆಯೊಳಗೆ (ಗುಡ್ಡದ ಹುಲ್ಲುಗಾವಲ ನಡುವಿನ ದಟ್ಟ ಕಾಡಿನೊಳಗೆ) ಸೇರಿಕೊಂಡಿರುತ್ತವೆ. ಬಿಟ್ಟು ಹೋಗಿದ್ದು ಮಾತ್ರ ನಮ್ಮ ಕಾಲ ಬುಡದಲ್ಲೇ ಬಿದ್ದಿರುತ್ತದೆ. ಅದನ್ನ ಓದೋಕೆ ಬಂದರೆ ಯಾವ ದಾರಿಯಲ್ಲಿ ಯಾರ ಓಡಾಟ ಇದೆ, ಇವತ್ತು ಮುಂದೆ ಹೋಗಬಹುದಾ ಬೇಡವಾ, ಟೆಂಟ್ ಎಲ್ಲಿ ಹಾಕಬಾರದು, ಕ್ಯಾಮೆರಾ ಟ್ರ್ಯಾಪ್ ಎಲ್ಲಿ ಕಟ್ಟಿದರೆ ಕೆಲಸ ಆಗುತ್ತದೆ, ಇಷ್ಟೂ ಗೊತ್ತಾಗುತ್ತದೆ.

ಇದು ಚಾರಣಕ್ಕೆ ಹೋಗುವವರಿಗೆ, ಹುಲಿ ಆನೆ ಗಣತಿಗೆ ಸ್ವಯಂಸೇವಕರಾಗಿ ಹೆಸರು ಕೊಡುವವರಿಗೆ, ಕಾಡಿನ ಅಂಚಿನಲ್ಲಿ ತೋಟ ಇರುವವರಿಗೆ ಬರೆದದ್ದು. ಇಂಟರ್ನೆಟ್ಟಿನಲ್ಲಿ ಸಿಗುವ ಚಾರ್ಟ್‌ಗಳು ಹೆಚ್ಚಾಗಿ ಅಮೆರಿಕದ್ದೋ ಯುರೋಪಿನದ್ದೋ. ಅದರಲ್ಲಿರುವ ಎಲ್ಕ್, ಕಯೋಟಿ ಇಟ್ಟುಕೊಂಡು ಬಾಬಾಬುಡನ್‌ಗಿರಿಯಲ್ಲಿ ಏನು ಮಾಡೋದು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಕೆಳಗೆ ಬಿದ್ದದ್ದನ್ನ ನೋಡಿದ ತಕ್ಷಣ ಆಕಾರ ನೋಡಿ ಹೆಸರು ಹೇಳಿಬಿಡುತ್ತಾರೆ, ಅದೂ ಯಾವಾಗಲೂ ಹುಲಿಯ ಹೆಸರನ್ನೇ. ಆಕಾರ ನೋಡುವುದು ಮೂರನೇ ಕೆಲಸ. ಮೊದಲು ಜಾಗ ನೋಡಿ, ಆಮೇಲೆ ಅದರೊಳಗೆ ಏನಿದೆ ನೋಡಿ, ಆಮೇಲೆ ಆಕಾರ ಮತ್ತು ಅಳತೆ. ಹೆಸರು ಕಟ್ಟಕಡೆಗೆ.

ಜಾಗ

ಸಸ್ಯಾಹಾರಿಗಳಿಗೆ ಹಾಕುವ ಜಾಗದ ಬಗ್ಗೆ ಅಷ್ಟೊಂದು ಯೋಚನೆ ಇರುವುದಿಲ್ಲ. ಮೇಯುವ ಕಡೆ, ಮಲಗುವ ಕಡೆ, ನಡೆಯುತ್ತಾ ನಡೆಯುತ್ತಾ ಹಾಕಿಬಿಡುತ್ತವೆ. ಮಾಂಸಾಹಾರಿಗಳದ್ದು ಬೇರೆ ಲೆಕ್ಕ. ಹುಲಿ, ಚಿರತೆ, ಸೀಳುನಾಯಿ ಇವೆಲ್ಲ ಮಲವನ್ನ ಬೇರೆ ಪ್ರಾಣಿಗಳಿಗೆ ಕಾಣುವ ಹಾಗೆ, ವಾಸನೆ ಸಿಗುವ ಹಾಗೆ ಹಾಕುತ್ತವೆ, ಅದು ಅವುಗಳ ಗಡಿ ಗುರುತು. ಅದಕ್ಕೇ ಜೀಪ್ ರಸ್ತೆಯ ಮಧ್ಯೆ, ಎರಡು ಕಾಲುದಾರಿ ಸೇರುವ ಕಡೆ, ಇಲಾಖೆಯವರು ಕಡಿದ ಬೆಂಕಿ ರೇಖೆಯ ಮೇಲೆ, ಗುಡ್ಡದ ನೆತ್ತಿಯ ಗುಂಟ ಇವುಗಳದ್ದು ಜಾಸ್ತಿ ಸಿಗುತ್ತದೆ. ಪೊದೆಯೊಳಗೆ ಹುಡುಕುತ್ತಾ ಹೋಗುವುದು ಸುಮ್ನೆ ಕಾಲಹರಣ, ಜೊತೆಗೆ ಅಪಾಯ.

ಬೆಟ್ಟದ ನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಕಡಿದಾದ ಇಳಿಜಾರು ನಮಗೆ ಹೇಗೆ ಕಷ್ಟವೋ ಅವಕ್ಕೂ ಹಾಗೇ, ಹಾಗಾಗಿ ಎರಡು ಗುಡ್ಡ ಸೇರುವ ತಗ್ಗಿನಲ್ಲಿ, ಹಳ್ಳ ದಾಟಲು ಸುಲಭ ಇರುವ ಕಡೆ, ಶೋಲೆ ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ ಎಲ್ಲ ಪ್ರಾಣಿಗಳ ದಾರಿಯೂ ಒಂದೇ ಕಡೆ ಬಂದು ಕೂಡುತ್ತದೆ. ಒಂದು ಬೆಳಿಗ್ಗೆ ಮಾತ್ರ ಸಮಯ ಇದ್ದರೆ ಈ ಮೂರು ಜಾಗ ನೋಡಿದರೆ ಸಾಕು, ಇಡೀ ಗುಡ್ಡ ಅಲೆಯಬೇಕಿಲ್ಲ.

ಕೆಲವು ಪ್ರಾಣಿಗಳನ್ನ ಜಾಗ ನೋಡಿಯೇ ಅರ್ಧ ಹೇಳಿಬಿಡಬಹುದು. ಹೊಳೆ ಮಧ್ಯದ ಬಂಡೆಯ ಮೇಲೆ ಮೀನಿನ ವಾಸನೆ ಹೊಡೆಯುವ ಪುಡಿಪುಡಿ ಗುಡ್ಡೆ ಇದ್ದರೆ ನೀರುನಾಯಿ. ಬಿದ್ದ ಮರದ ಮೇಲೆ, ಕಲ್ಲಿನ ನೆತ್ತಿಯ ಮೇಲೆ, ತೋಟದ ಕಟ್ಟೆಯ ಮೇಲೆ ಬೀಜದ ಮುದ್ದೆ ಇದ್ದರೆ ಪುನುಗು ಬೆಕ್ಕು. ದಾರಿ ಕೂಡುವಲ್ಲಿ ಒಂದೇ ಕಡೆ ನಾಲ್ಕೈದು ಮಲ ಒಟ್ಟೊಟ್ಟಿಗೆ, ಕೆಲವು ಹೊಸದು ಕೆಲವು ಹಳೆಯದು, ಎಲ್ಲದರಲ್ಲೂ ಕೂದಲು ಅಂದರೆ ಸೀಳುನಾಯಿ ಗುಂಪು. ಬಂಡೀಪುರ, ನಾಗರಹೊಳೆ ಕಡೆಯ ಒಣ ಕಾಡಿನಲ್ಲಿ ಸಣ್ಣ ಹಿಕ್ಕೆ ಒಂದೇ ಜಾಗದಲ್ಲಿ ಪದರ ಪದರವಾಗಿ ರಾಶಿ ಬಿದ್ದಿದ್ದರೆ ಕೊಂಡುಕುರಿಯ (ನಾಲ್ಕು ಕೊಂಬಿನ ಜಿಂಕೆ) ಬಗ್ಗೆ ಯೋಚಿಸಿ, ಅದು ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುವ ಪ್ರಾಣಿ.

ಆನೆ ಲದ್ದಿ

ಆನೆಯದ್ದು ಗುರುತು ಹಿಡಿಯೋಕೆ ಯಾರಿಗೂ ಪಾಠ ಬೇಕಿಲ್ಲ. ಆದರೆ ಆನೆ ಲದ್ದಿಯಲ್ಲಿ ಓದುವುದಕ್ಕೆ ಸಿಗುವಷ್ಟು ಮಾಹಿತಿ ಬೇರೆ ಯಾವುದರಲ್ಲೂ ಇಲ್ಲ, ಜೀವಕ್ಕೆ ಸಂಬಂಧಪಟ್ಟದ್ದೂ ಅದೇ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ದೊಡ್ಡ ಆನೆ ದಿನಕ್ಕೆ ನೂರೈವತ್ತು ಕೆ.ಜಿ.ವರೆಗೆ ತಿನ್ನುತ್ತದೆ, ಅದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಹಾಗಾಗಿ ತಿಂದದ್ದು ಏನು ಅಂತ ಲದ್ದಿಯಲ್ಲಿ ಕಣ್ಣಿಗೇ ಕಾಣುತ್ತದೆ. ಬಿದಿರಿನ ಎಲೆ, ಬೈನೆ ಮರದ ನಾರು, ತೊಗಟೆ, ಹುಲ್ಲು. ಮೇ ಜೂನಿನಲ್ಲಿ ಹಲಸಿನ ಬೀಜ ಇಡಿಇಡಿಯಾಗಿ ಸಿಗುತ್ತದೆ. ಲದ್ದಿಯಲ್ಲಿ ಭತ್ತ, ಬಾಳೆ, ತೋಟದ ಹಲಸು ಕಂಡಿತು ಅಂದರೆ ಆ ಆನೆ ರಾತ್ರಿ ಊರ ಕಡೆ ಹೋಗಿ ಬಂದಿದೆ ಅಂತ ಅರ್ಥ, ಮತ್ತೆ ಅದೇ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಪ್ರವಾಸಿ ರಸ್ತೆಯ ಹತ್ತಿರ, ಕಸ ಸುರಿಯುವ ಕಡೆ ಪ್ಲಾಸ್ಟಿಕ್ ಕವರೂ ಸಿಗುತ್ತದೆ. ಅದಕ್ಕೆ ವಿವರಣೆ ಬೇಡ ಅಲ್ವಾ.

ಉಂಡೆಯ ಅಳತೆ ನೋಡಿ. ಬೆಳೆದ ಆನೆಯ ಉಂಡೆ 15 ಸೆಂ.ಮೀ. ಆಸುಪಾಸಿನ ಅಗಲ ಇರುತ್ತದೆ, ಮರಿಯದ್ದು 10ಕ್ಕಿಂತ ಕಡಿಮೆ. ಆನೆ ಬೆಳೆದಂತೆ ಉಂಡೆಯ ಸುತ್ತಳತೆಯೂ ಬೆಳೆಯುತ್ತದೆ, ಆದ್ದರಿಂದ ಸಂಶೋಧಕರು ವಯಸ್ಸು ಅಂದಾಜು ಮಾಡೋಕೂ ಇದನ್ನ ಬಳಸುತ್ತಾರೆ. ನಿಮಗೆ ಬೇಕಾಗಿರುವುದು ಇಷ್ಟು: ಸುತ್ತಮುತ್ತ ಬೇರೆ ಬೇರೆ ಅಳತೆಯ ಉಂಡೆ ಇದ್ದರೆ ಮರಿ ಇರುವ ಗುಂಪು, ದೊಡ್ಡದೇ ಒಂದೇ ಗುಡ್ಡೆ ಇದ್ದರೆ ಒಂಟಿ ಆನೆ ಇರಬಹುದು. ಎರಡರಲ್ಲಿ ಯಾವುದು ಕಡಿಮೆ ಅಪಾಯ ಅಂತ ಕೇಳಬೇಡಿ, ಎರಡೂ ಅಲ್ಲ.

ಉಂಡೆಗಳು ಒಂದೇ ಕಡೆ ಗುಡ್ಡೆಯಾಗಿದ್ದರೆ ಆನೆ ನಿಂತು ಹಾಕಿದೆ, ದಾರಿಯುದ್ದಕ್ಕೂ ಒಂದೊಂದೇ ಬಿದ್ದಿದ್ದರೆ ನಡೆಯುತ್ತಾ ಹಾಕಿದೆ. ಯಾವ ದಿಕ್ಕಿಗೆ ಹೋಯಿತು ಅಂತ ಲದ್ದಿ ಹೇಳುವುದಿಲ್ಲ, ಅದಕ್ಕೆ ಹೆಜ್ಜೆ, ಮುರಿದ ಕೊಂಬೆ, ಬಾಗಿದ ಹುಲ್ಲು ನೋಡಬೇಕು.

ಈ ಲದ್ದಿಯನ್ನ ಸರ್ಕಾರವೂ ಗಂಭೀರವಾಗಿಯೇ ನೋಡುತ್ತದೆ. 2023ರ ಕರ್ನಾಟಕದ ಆನೆ ಗಣತಿಯಲ್ಲಿ ಒಂದು ದಿನ ಪೂರ್ತಿ ಕಾಡಿನಲ್ಲಿ ಗೆರೆ ಹಿಡಿದು ನಡೆದು ಲದ್ದಿ ಗುಡ್ಡೆ ಎಣಿಸುವುದಕ್ಕೇ ಇತ್ತು. ಆ ಗಣತಿಯ ಅಂದಾಜು 6,395 ಆನೆ. ಆಮೇಲೆ ದೇಶದ ಮಟ್ಟದಲ್ಲಿ ಲದ್ದಿಯಿಂದ ಡಿಎನ್‌ಎ ತೆಗೆದು ಲೆಕ್ಕ ಹಾಕಿದರು. 21 ಸಾವಿರಕ್ಕೂ ಹೆಚ್ಚು ಲದ್ದಿ ಮಾದರಿ ಸಂಗ್ರಹಿಸಿ ಮಾಡಿದ ಆ ಕೆಲಸದ ವರದಿ 2025ರ ಅಕ್ಟೋಬರಿನಲ್ಲಿ ಬಂತು, ಅದರ ಪ್ರಕಾರ ಕರ್ನಾಟಕದಲ್ಲಿ 6,013 ಆನೆ, ದೇಶದಲ್ಲಿ 22,446. ಎರಡೂ ವಿಧಾನ ಬೇರೆ, ಹಾಗಾಗಿ ಒಂದರ ಪಕ್ಕ ಇನ್ನೊಂದಿಟ್ಟು ಆನೆ ಕಡಿಮೆಯಾಯಿತು ಅಂತ ಹೇಳೋಕೆ ಆಗುವುದಿಲ್ಲ.

ಕಾಟಿಯೋ, ಊರ ದನವೋ

ಘಟ್ಟದ ಹುಲ್ಲುಗಾವಲಿನಲ್ಲಿ ಇದೇ ದೊಡ್ಡ ಗೊಂದಲ. ಕಾಟಿ ಸಗಣಿ, ಹಸು ಸಗಣಿ, ಎಮ್ಮೆ ಸಗಣಿ ಪಕ್ಕಪಕ್ಕ ಇಟ್ಟರೆ ನೋಟಕ್ಕೆ ಹೇಳುವುದು ಕಷ್ಟ. ಮಳೆಗಾಲದ ಎಳೆ ಹುಲ್ಲಿಗೆ ಮೂರೂ ತೆಳ್ಳಗೆ ಹರಡುತ್ತವೆ, ಬೇಸಿಗೆಯ ಒಣ ಮೇವಿಗೆ ಮೂರೂ ಗಟ್ಟಿಯಾಗಿ ಪದರ ಪದರವಾಗಿ ಬೀಳುತ್ತವೆ. ಕಾಟಿಯದ್ದು ದೊಡ್ಡದಿರುತ್ತದೆ ಅನ್ನುತ್ತಾರೆ, ನಿಜ, ಬೆಳೆದ ಗಂಡು ಸಾವಿರ ಕೆ.ಜಿ. ಹತ್ತಿರ ತೂಗುತ್ತದೆ. ಆದರೆ ಎಳೆಯ ಕಾಟಿಯದ್ದು ಹಸುವಿನಷ್ಟೇ ಇರುತ್ತದಲ್ಲ.

ಇಲ್ಲಿ ಹೊತ್ತು ಲೆಕ್ಕ ಹಾಕಿ. ಊರ ದನ ಸಂಜೆ ಕೊಟ್ಟಿಗೆಗೆ ಹೋಗುತ್ತದೆ. ಬೆಳಗಿನ ಜಾವ ಊರಿಂದ ದೂರದ ಗುಡ್ಡದ ನೆತ್ತಿಯಲ್ಲಿ ಇನ್ನೂ ಹಸಿಯಾಗಿರುವ ಸಗಣಿ ಸಿಕ್ಕರೆ, ಅದೂ ನಾಲ್ಕಾರು ಕಡೆ ಒಟ್ಟಿಗೆ, ಪಕ್ಕದಲ್ಲಿ ಮಲಗಿದ ಹಾಗೆ ಹುಲ್ಲು ಚಪ್ಪಟೆಯಾಗಿದ್ದರೆ, ಅದು ಕಾಟಿ ಹಿಂಡು ರಾತ್ರಿ ತಂಗಿದ ಜಾಗ. ಗೊರಸಿನ ಗುರುತು ಹುಡುಕಿ, ಕೆಸರಿನಲ್ಲಿ ಸಿಕ್ಕೇ ಸಿಗುತ್ತದೆ. ಬಿಡಾಡಿ ದನ ಇರುವ ಊರುಗಳಲ್ಲಿ ಈ ಲೆಕ್ಕವೂ ಕೈಕೊಡುತ್ತದೆ, ಅಂಥ ಕಡೆ ಊರಿನವರನ್ನ ಕೇಳುವುದೇ ಒಳ್ಳೆಯದು.

ಹಿಕ್ಕೆ ಹಾಕುವವು

ಆಡಿನ ಹಿಕ್ಕೆ ಎಲ್ಲರೂ ನೋಡಿರುತ್ತೀರಿ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ.

ಕಡವೆಯದ್ದು ಅದಕ್ಕಿಂತ ಚೆನ್ನಾಗಿಯೇ ದೊಡ್ಡದು, ಒಂದೂವರೆಯಿಂದ ಎರಡೂವರೆ ಸೆಂ.ಮೀ. ಉದ್ದ. ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ ಅಥವಾ ಸ್ವಲ್ಪ ಒಳಗೆ ತಗ್ಗು. ಜಿಂಕೆಯದ್ದು ಒಂದರಿಂದ ಒಂದೂವರೆ ಸೆಂ.ಮೀ. ಕಾಡುಕುರಿಯದ್ದು (ಬೊಗಳುವ ಜಿಂಕೆ) ಒಂದು ಸೆಂ.ಮೀ. ಆಸುಪಾಸು, ಗುಡ್ಡೆಯೂ ಚಿಕ್ಕದು. ಬರ್ಕ (ಮೌಸ್ ಡಿಯರ್) ಅಂತೂ ತೀರಾ ಪುಟ್ಟದು, ಒಣ ಎಲೆಗಳ ನಡುವೆ ಅದರ ಹಿಕ್ಕೆ ಕಾಣಬೇಕಾದರೆ ಕೂತು ನೋಡಬೇಕು.

ಈ ಅಳತೆಗಳು ಒಂದರ ಮೇಲೊಂದು ಹತ್ತುತ್ತವೆ, ಮರಿ ಕಡವೆಯದ್ದು ಜಿಂಕೆಯ ಅಳತೆಗೆ ಬರುತ್ತದೆ. ಆಗ ಮತ್ತೆ ಜಾಗವೇ ಗತಿ. ಜಿಂಕೆಗೆ ಬಯಲು, ಎಲೆ ಉದುರುವ ಕಾಡು ಇಷ್ಟ. ಭದ್ರಾ, ಬಂಡೀಪುರದಂಥ ಕಡೆ ಹಿಂಡು ಹಿಂಡು ಇರುತ್ತವೆ. ಘಟ್ಟದ ಮೇಲಿನ ದಟ್ಟ ನಿತ್ಯಹರಿದ್ವರ್ಣ ಕಾಡಿನಲ್ಲಿ, ಶೋಲೆಯಲ್ಲಿ ಹಿಕ್ಕೆ ಕಂಡರೆ ಮೊದಲು ಕಡವೆ, ಕಾಡುಕುರಿ ಅಂದುಕೊಳ್ಳಿ. ಊರಿನ ಹತ್ತಿರ, ಮೇಕೆ ಮೇಯಿಸುವ ಗುಡ್ಡದಲ್ಲಿ ಕಂಡರೆ ಮೊದಲು ಮೇಕೆ ಅಂದುಕೊಳ್ಳಿ. ಬೇಜಾರಾಗುತ್ತದೆ, ಆದರೆ ಹೆಚ್ಚಿನ ಸಲ ಸರಿ ಅದೇ. ಇನ್ನೊಂದು ವಿಷಯ, ಮಳೆಗಾಲದಲ್ಲಿ ಎಳೆ ಹುಲ್ಲು ತಿಂದಾಗ ಹಿಕ್ಕೆ ಬಿಡಿಬಿಡಿಯಾಗಿ ಬೀಳದೆ ಅಂಟಿಕೊಂಡು ಮುದ್ದೆಯಾಗುತ್ತದೆ, ಅದನ್ನ ನೋಡಿ ಬೇರೆ ಯಾವುದೋ ಪ್ರಾಣಿ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮೊಲದ್ದು ಸುಲಭ. ದುಂಡಗೆ, ಸ್ವಲ್ಪ ಅದುಮಿದ ಹಾಗೆ, ಒಣಗಿದ ಹುಲ್ಲಿನ ಬಣ್ಣ, ಮುರಿದರೆ ಬರೀ ಹುಲ್ಲಿನ ಪುಡಿ. ಚೂಪು ತುದಿ ಇರುವುದಿಲ್ಲ. ಮುಳ್ಳುಹಂದಿಯದ್ದು ಉದ್ದನೆಯ ಕಾಳಿನ ಹಾಗೆ, ಎರಡು ಮೂರು ಸೆಂ.ಮೀ., ಕೆಲವೊಮ್ಮೆ ನಾರಿನಿಂದ ಒಂದಕ್ಕೊಂದು ಸರ ಪೋಣಿಸಿದಂತೆ ಇರುತ್ತದೆ, ಹತ್ತಿರದಲ್ಲಿ ಮುಳ್ಳೋ ಕಡಿದ ಬೇರೋ ಸಿಗುತ್ತದೆ. ಕಾಡುಹಂದಿಯದ್ದು ಗಂಟು ಗಂಟಾದ ದಪ್ಪ ಮುದ್ದೆ, ಸುತ್ತ ನೆಲ ಕೆದರಿರುತ್ತದೆ. ನೆಲ ಕೆದರದೆ ಕಾಡುಹಂದಿ ಎಲ್ಲಿಗೂ ಹೋಗುವುದಿಲ್ಲ, ಅದೊಂದೇ ಗುರುತು ಸಾಕು.

ಹುಲಿ, ಚಿರತೆ, ಸೀಳುನಾಯಿ

ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಮೊದಲು ಮಾಂಸಾಹಾರಿಯದ್ದೇ ಹೌದಾ ಅಂತ ನೋಡಿ. ಕಡ್ಡಿಯಿಂದ ಬಿಡಿಸಿದರೆ ಕೂದಲು ಒತ್ತೊತ್ತಾಗಿ ಸುತ್ತಿಕೊಂಡಿರುತ್ತದೆ, ಮೂಳೆ ಚೂರು, ಕೆಲವೊಮ್ಮೆ ಗೊರಸಿನ ತುಂಡು, ಹಲ್ಲು. ಬರೀ ಮಾಂಸ ತಿಂದ ಮೊದಲ ದಿನದ ಮಲ ಕಪ್ಪಗೆ, ಮೆತ್ತಗೆ, ಆಕಾರವೇ ಇಲ್ಲದ ಹಾಗೆ ಇರುತ್ತದೆ, ವಾಸನೆ ಹತ್ತಿರ ನಿಲ್ಲೋಕೆ ಬಿಡುವುದಿಲ್ಲ. ಆಮೇಲೆ ಚರ್ಮ, ಕೂದಲು, ಮೂಳೆ ತಿಂದಾಗ ಗಟ್ಟಿಯಾಗಿ ತುಂಡು ತುಂಡಾಗುತ್ತದೆ. ಬಿಸಿಲಿಗೆ ಬಿದ್ದು ಹಳೆಯದಾದಂತೆ ಮೂಳೆಯ ಸುಣ್ಣದಿಂದ ಬೆಳ್ಳಗಾಗುತ್ತದೆ. ಬೆಳ್ಳಗಿದೆ ಅಂದ ಮಾತ್ರಕ್ಕೆ ಬೇರೆ ಪ್ರಾಣಿ ಅಲ್ಲ.

ಅಳತೆಯ ಲೆಕ್ಕ ಹೀಗೆ. ಅತಿ ದಪ್ಪ ಇರುವ ಕಡೆ ಅಳೆದಾಗ ಮೂರು ಸೆಂ.ಮೀ.ಗಿಂತ ಚೆನ್ನಾಗಿ ಜಾಸ್ತಿ ಇದ್ದರೆ ಹುಲಿ ಕಡೆಗೆ ವಾಲಬಹುದು. ಎರಡು ಮೂರರ ನಡುವೆ ಚಿರತೆ. ಎರಡಕ್ಕಿಂತ ಕಡಿಮೆ ಇದ್ದರೆ ಕಾಡುಬೆಕ್ಕು, ನರಿ, ಪುನುಗು ಇಂಥವು. ಚಿರತೆಯದ್ದು ಹೆಚ್ಚು ಸುರುಳಿ ಸುರುಳಿ, ಹತ್ತಿರ ಹತ್ತಿರ ಗಂಟು. ಹುಲಿಯದ್ದು ಸುರುಳಿ ಕಡಿಮೆ, ಗಂಟುಗಳ ನಡುವಿನ ಅಂತರ ಜಾಸ್ತಿ.

ಕೇಳೋಕೆ ಚೆನ್ನಾಗಿದೆ. ಆದರೆ ದೊಡ್ಡ ಗಂಡು ಚಿರತೆಯದ್ದೂ ಎಳೆಯ ಹುಲಿಯದ್ದೂ ಒಂದೇ ದಪ್ಪ ಇರಬಹುದು, ಹಾಗಾಗಿಯೇ ವಿಜ್ಞಾನಿಗಳು ಖಾತ್ರಿ ಬೇಕಾದಾಗ ಕಣ್ಣು ನಂಬದೆ ಡಿಎನ್‌ಎ ಪರೀಕ್ಷೆಗೆ ಹೋಗುತ್ತಾರೆ. ನನ್ನ ಮಾತು ಕೇಳಿದರೆ, ಪಕ್ಕದಲ್ಲಿ ಸ್ಪಷ್ಟ ಹೆಜ್ಜೆ ಗುರುತು ಇಲ್ಲದಿದ್ದರೆ 'ದೊಡ್ಡ ಬೆಕ್ಕು' ಅಂತ ಬರೆದು ಮುಂದೆ ಹೋಗಿ. ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಲೈಕ್ ಕಡಿಮೆ ಬೀಳಬಹುದು, ಅಷ್ಟೇ.

ಗೀರು ಹುಡುಕಿ. ಹುಲಿ, ಚಿರತೆ ಎರಡೂ ಹಿಂಗಾಲಿನಿಂದ ನೆಲ ಗೀರಿ, ಮಣ್ಣು ತರಗೆಲೆಯ ಚಿಕ್ಕ ಗುಪ್ಪೆ ಮಾಡಿ, ಎಷ್ಟೋ ಸಲ ಅದರ ಮೇಲೆಯೇ ಮಲವನ್ನೋ ಮೂತ್ರವನ್ನೋ ಬಿಡುತ್ತವೆ. ಹುಲಿಯ ಗೀರು ಸಾಮಾನ್ಯವಾಗಿ ಉದ್ದ, ಅಗಲ. ನಾಯಿಯೂ ಕೆರೆಯುತ್ತದೆ, ಆದರೆ ಅದು ಮಣ್ಣನ್ನ ಹಿಂದಕ್ಕೆ ಎರಚಾಡಿರುತ್ತದೆ, ಹೀಗೆ ನೀಟಾಗಿ ಗುಪ್ಪೆ ಮಾಡುವುದಿಲ್ಲ. ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿದ್ದರೆ ನಾಯಿ ಜಾತಿ, ಇಲ್ಲದಿದ್ದರೆ ಬೆಕ್ಕಿನ ಜಾತಿ. ಬೆಕ್ಕುಗಳು ನಡೆಯುವಾಗ ಉಗುರನ್ನ ಒಳಗೆಳೆದುಕೊಂಡಿರುತ್ತವೆ.

ಒಳಗಿನ ಕೂದಲು ಬೇಟೆ ಯಾವುದು ಅಂತ ಹೇಳುತ್ತದೆ, ಬೇಟೆಗಾರ ಯಾರು ಅಂತ ನೇರವಾಗಿ ಹೇಳುವುದಿಲ್ಲ. ಕಡವೆಯ ಕೂದಲು ಒರಟು, ದಪ್ಪ, ಕಂದು. ಮುಸುವದ್ದು (ಲಂಗೂರ್ ಕೋತಿ) ಉದ್ದ, ನಯ, ಬೂದು. ಕಾಡುಹಂದಿಯದ್ದು ಬ್ರಶ್ಶಿನಷ್ಟು ಬಿರುಸು. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಇಂಥ ಮಲಗಳನ್ನ ಸಂಗ್ರಹಿಸಿ, ಸತ್ತ ಬೇಟೆಗಳನ್ನೂ ನೋಡಿ, 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರ ಆಯ್ಕೆ ಬೇರೆ ಬೇರೆ ಅಂತ ತೋರಿಸಿದರು. ಹುಲಿಯ ಒಲವು 176 ಕೆ.ಜಿ.ಗಿಂತ ಭಾರದ ಪ್ರಾಣಿಗಳ ಕಡೆ, ಅಂದರೆ ಕಾಟಿ, ದೊಡ್ಡ ಕಡವೆ ಇಂಥವು. ಚಿರತೆ ಮತ್ತು ಸೀಳುನಾಯಿಯದ್ದು 30ರಿಂದ 175 ಕೆ.ಜಿ. ನಡುವಿನವು. ಹಾಗಂತ ಕಾಟಿ ಕೂದಲು ಕಂಡ ಕೂಡಲೇ ಹುಲಿ ಅನ್ನುವಂತಿಲ್ಲ, ಕರು ಕಾಟಿ ಬೇರೆಯವರಿಗೂ ಸಿಗುತ್ತದೆ. ತೂಕ ಯಾವ ಕಡೆ ಬೀಳುತ್ತದೆ ಅನ್ನುವುದಕ್ಕೆ ಮಾತ್ರ ಇದು ಸಹಾಯ.

ಊರಿನ ಹತ್ತಿರದ ಚಿರತೆ ಮಲದಲ್ಲಿ ನಾಯಿ ಕೂದಲು, ಕರು ಕೂದಲು ಸಿಗುವುದು ಮಾಮೂಲಿ. ಸಾಕುನಾಯಿಯ ಮಲ ಹೆಚ್ಚಾಗಿ ಒಂದೇ ಸಮ ಹಿಟ್ಟಿನ ಹಾಗೆ ಇರುತ್ತದೆ, ಅನ್ನ, ಮುದ್ದೆ ತಿಂದದ್ದು ಗೊತ್ತಾಗುತ್ತದೆ, ಕೂದಲು ಅಪರೂಪ. ಚಾರಣದ ದಾರಿಗಳಲ್ಲಿ ಬಿಸ್ಕತ್ತಿನ ಆಸೆಗೆ ಹಿಂದೆ ಬರುವ ನಾಯಿಗಳೇ ಎಷ್ಟು ಇವೆ, ಅದನ್ನ ಮರೆಯಬೇಡಿ.

ಹಣ್ಣು, ಹುಳ, ಏಡಿ ತಿನ್ನುವವು

ಕರಡಿಯದ್ದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಅದೇ ಅದರ ಗುರುತು. ಹಣ್ಣಿನ ಕಾಲದಲ್ಲಿ ದೊಡ್ಡ ಸಡಿಲ ರಾಶಿ, ಅದರ ತುಂಬ ನೇರಳೆ, ಅತ್ತಿ, ಕಕ್ಕೆ, ಎಲಚಿ ಬೀಜ. ಉಳಿದ ಕಾಲದಲ್ಲಿ ಗೆದ್ದಲು, ಇರುವೆಗಳ ತಲೆ ಕಾಲು, ಜೊತೆಗೆ ಹೀರುವಾಗ ಒಳಗೆ ಹೋದ ಮಣ್ಣು. ಹತ್ತಿರದಲ್ಲಿ ಬಗೆದ ಹುತ್ತ ಇದ್ದೇ ಇರುತ್ತದೆ. ಹೂವಿನಹಡಗಲಿ, ಸಂಡೂರು, ದರೋಜಿ ಕಡೆಯ ಕಲ್ಲುಗುಡ್ಡಗಳಲ್ಲಿ ಓಡಾಡುವವರು ಇದನ್ನ ಚೆನ್ನಾಗಿ ಗುರುತಿಟ್ಟುಕೊಳ್ಳಿ. ದರೋಜಿಯಲ್ಲಿ ಕರಡಿಗೆಂದೇ 1994ರಲ್ಲಿ ಅಭಯಾರಣ್ಯ ಆಯಿತು. ಹೊಸ ಕರಡಿ ಮಲ ಕಂಡ ಮೇಲೆ ಸದ್ದಿಲ್ಲದೆ ನಡೆಯಬೇಡಿ, ಮಾತಾಡುತ್ತಾ ನಡೆಯಿರಿ. ಕರಡಿ ಬೇಕೂಂತ ಬಂದು ಹೊಡೆಯುವುದಕ್ಕಿಂತ ಎದುರಾಬದುರಾದಾಗ ಗಾಬರಿಯಲ್ಲಿ ಮೇಲೆ ಬೀಳುವುದೇ ಹೆಚ್ಚು.

ಪುನುಗು ಬೆಕ್ಕಿನದ್ದರಲ್ಲಿ ಬೀಜ ಹೆಚ್ಚೂ ಕಡಿಮೆ ಇಡಿಯಾಗಿ ಹೊರಗೆ ಬರುತ್ತದೆ. ಕಾಫಿ ತೋಟದಲ್ಲಿ ಹಣ್ಣಾಗುವ ಕಾಲಕ್ಕೆ ಬರೀ ಕಾಫಿ ಬೀಜದ ಮುದ್ದೆಯೇ ಸಿಗುತ್ತದೆ, ಕೊಡಗಿನಲ್ಲಿ ಅದನ್ನ ಆರಿಸಿ ತೊಳೆದು ಹುರಿದು ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ. ಕಾಡಿನಲ್ಲಿ ಬೈನೆ ಬೀಜ, ಅತ್ತಿ ಬೀಜ. ಘಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಕಂದು ಬಣ್ಣದ ಪುನುಗು ಬೆಕ್ಕು ಶೋಲೆ ಮರಗಳ ಬೀಜ ಹರಡುವುದರಲ್ಲಿ ದೊಡ್ಡ ಪಾತ್ರಧಾರಿ. ಆದರೆ ಮಲ ನೋಡಿ ಎರಡು ಜಾತಿಯನ್ನ ಬೇರೆ ಮಾಡೋಕೆ ಆಗುವುದಿಲ್ಲ.

ನೀರುನಾಯಿಯದ್ದರಲ್ಲಿ ಒಂದು ಸುಲಭದ ಉಪಾಯ ಇದೆ. ಮೇಲಿನ ಹಳ್ಳಗಳಲ್ಲಿ, ಏಡಿ ಚಿಪ್ಪಿನ ಚೂರು ತುಂಬಿದ್ದರೆ ಚಿಕ್ಕ ನೀರುನಾಯಿ ಇರಬಹುದು, ಅದಕ್ಕೆ ಏಡಿಯೇ ಮುಖ್ಯ ಊಟ. ಕೆಳಗಿನ ದೊಡ್ಡ ಹೊಳೆಯಲ್ಲಿ, ಮೀನಿನ ಪೊರೆ ಮುಳ್ಳು ತುಂಬಿದ್ದರೆ ದೊಡ್ಡ ಜಾತಿಯದ್ದು.

ಇನ್ನು ಮಲವೇ ಅಲ್ಲದ್ದು. ದೊಡ್ಡ ಮರದ ಬುಡದಲ್ಲಿ ಒಂದೇ ಕಡೆ ಬಗೆಬಗೆಯ ಬೀಜಗಳ ರಾಶಿ ಕಂಡರೆ ತಲೆ ಎತ್ತಿ ನೋಡಿ, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡು ಇರಬಹುದು. ಇದ್ದರೆ ಅಲ್ಲಿ ನಿಲ್ಲಬೇಡಿ, ನೀವು ಇರುವಷ್ಟು ಹೊತ್ತು ಗಂಡು ಹಕ್ಕಿ ಊಟ ತರುವುದಿಲ್ಲ. ಬೂದು ಬಣ್ಣದ ಒಣ ಉಂಡೆ, ಒಳಗೆ ಇಲಿ ಮೂಳೆ, ತಲೆಬುರುಡೆ ಸಮೇತ ಇದ್ದರೆ ಅದು ಗೂಬೆ ಬಾಯಿಂದ ಉಗುಳಿದ್ದು. ಸುಣ್ಣದಂಥ ಬಿಳಿ ಗಡ್ಡೆ ಅಂಟಿಕೊಂಡಿದ್ದರೆ ಹಾವು, ಉಡ ಇಂಥವುಗಳದ್ದು.

ಎಷ್ಟು ಹೊಸದು

ಯಾರದ್ದು ಅನ್ನುವುದಕ್ಕಿಂತ ಯಾವಾಗಿನದ್ದು ಅನ್ನುವುದು ಎಷ್ಟೋ ಸಲ ಮುಖ್ಯ. ಹೊಸ ಲದ್ದಿಯ ಮೇಲೆ ತೆಳುವಾದ ಲೋಳೆಯ ಹೊಳಪು ಇರುತ್ತದೆ, ನೊಣ ಮುತ್ತಿರುತ್ತದೆ, ಕಡ್ಡಿಯಿಂದ ಬಿಡಿಸಿದರೆ ಒಳಗೆ ಬಿಸಿ. ಬೆಳಗಿನ ಚಳಿಯಲ್ಲಿ ಹಬೆ ಆಡುತ್ತಿದ್ದರೆ ಇನ್ನು ನೋಡುತ್ತಾ ನಿಲ್ಲಬೇಡಿ, ಮಾತು ನಿಲ್ಲಿಸಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಬಂದ ದಾರಿಯಲ್ಲೇ ಹಿಂದೆ ಹೋಗಿ. ಫೋಟೋ ಬೇಡ. ಮರುದಿನಕ್ಕೆ ಹೊಳಪು ಹೋಗಿ ಮೇಲ್ಪದರ ಒಣಗುತ್ತದೆ, ಒಳಗೆ ಹಸಿಯೇ ಇರುತ್ತದೆ. ಆಮೇಲೆ ಬೂಷ್ಟು, ಅಣಬೆ, ಗೆದ್ದಲು ಸರದಿ.

ಬಿಸಿಲು, ನೆರಳು, ಮಳೆ ಇವೆಲ್ಲ ಲೆಕ್ಕ ತಪ್ಪಿಸುತ್ತವೆ. ಬಯಲಲ್ಲಿ ಮಧ್ಯಾಹ್ನದ ಹೊತ್ತಿಗೇ ಹಳೆಯದರ ಥರ ಕಾಣುವುದು ಶೋಲೆಯ ನೆರಳಲ್ಲಿ ಮೂರು ದಿನ ಹೊಸದರ ಥರ ಇರುತ್ತದೆ. ಹಾಗಾಗಿ ಪಕ್ಕದ ಬೇರೆ ಸಾಕ್ಷಿ ಸೇರಿಸಿ ನೋಡಿ. ಇಬ್ಬನಿ ಲದ್ದಿಯ ಮೇಲೆ ಬಿದ್ದಿದೆಯಾ, ಅಥವಾ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಲದ್ದಿ ಬಿದ್ದಿದೆಯಾ? ನಿನ್ನೆ ಸಂಜೆ ಮಳೆ ಬಂದಿದ್ದರೆ ಹನಿಯ ಗುರುತು ಅದರ ಮೇಲೆ ಇದೆಯಾ? ಅಡಿಯ ಹುಲ್ಲು ಇನ್ನೂ ಹಸಿರಾ, ಹಳದಿ ತಿರುಗಿದೆಯಾ?

ಜೂನಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಈ ಕೆಲಸಕ್ಕೆ ಹೋಗುವುದು ವ್ಯರ್ಥ. ಮಳೆ ತೊಳೆದುಬಿಡುತ್ತದೆ, ಉಳಿದದ್ದನ್ನ ಸಗಣಿ ಹುಳಗಳು ಉರುಳಿಸಿಯೋ ಹೂತೋ ಮುಗಿಸುತ್ತವೆ, ಬಗ್ಗಿ ನೋಡುವಷ್ಟರಲ್ಲಿ ಇಂಬಳ ಕಾಲು ಹತ್ತಿರುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ಮುಟ್ಟಬೇಡಿ, ತರಬೇಡಿ

ಬರಿಗೈಯಲ್ಲಿ ಮುಟ್ಟಬೇಡಿ. ಮಾಂಸಾಹಾರಿಗಳ ಮಲದಲ್ಲಿ ನಮಗೂ ಹತ್ತುವ ಜಂತುಹುಳಗಳ ಮೊಟ್ಟೆ ಇರಬಹುದು. ಒಣಗಿದ್ದನ್ನ ಪುಡಿ ಮಾಡಿ ಮೂಗಿನ ಹತ್ತಿರ ತರುವುದು ಇನ್ನೂ ಕೆಟ್ಟದ್ದು. ಎರಡು ಕಡ್ಡಿ ಸಾಕು, ಮುಗಿದ ಮೇಲೆ ಅಲ್ಲೇ ಬಿಟ್ಟು ಬನ್ನಿ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಸ್ಯಾನಿಟೈಸರ್ ಜಂತಿನ ಮೊಟ್ಟೆಗೆ ಸಾಲದು.

ನಿಜವಾದ ಅಪಾಯ ಮಲದಲ್ಲಿ ಅಲ್ಲ, ನೀವು ಅದನ್ನ ನೋಡೋಕೆ ಮಂಡಿಯೂರಿ ಕೂರುವ ತರಗೆಲೆಯಲ್ಲಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಅದು ಜಾಸ್ತಿಯಾಗುವುದೂ ನಾವು ಕಾಡು ಸುತ್ತುವ ಒಣ ತಿಂಗಳುಗಳಲ್ಲೇ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ. ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಉಣುಗು ತಡೆಯುವ ಡೆಪ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಚಾರಣಕ್ಕೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಬುಕ್ ಮಾಡಿ, ಕೊಟ್ಟ ದಾರಿಯಲ್ಲೇ ನಡೆಯಿರಿ. ಹೇಗೂ ನಾನು ಹೇಳಿದ ಹಾಗೆ ಒಳ್ಳೆಯ ಗುರುತುಗಳೆಲ್ಲ ದಾರಿಯ ಮೇಲೆಯೇ ಸಿಗುತ್ತವೆ. ಮಲ, ಮುಳ್ಳು, ಕೊಂಬು ಯಾವುದನ್ನೂ ಮನೆಗೆ ತರುವಂತಿಲ್ಲ.

ಬರೆದಿಡುವುದು

ಹತ್ತು ರೂಪಾಯಿ ನಾಣ್ಯ ಜೇಬಿನಲ್ಲಿ ಇರಲಿ, ಅದರ ಅಗಲ 27 ಮಿ.ಮೀ. ಅದನ್ನ ಪಕ್ಕದಲ್ಲಿಟ್ಟು ನೇರ ಮೇಲಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ಆಮೇಲೆ ಹತ್ತು ಹೆಜ್ಜೆ ಹಿಂದೆ ನಿಂತು ಸುತ್ತಲಿನ ಜಾಗ ಕಾಣುವ ಹಾಗೆ ಒಂದು. ಮೂರನೆಯದನ್ನ ಎಲ್ಲರೂ ಬಿಡುತ್ತಾರೆ, ನೋಡಿ ಹೇಳಬೇಕಾದವರಿಗೆ ಅತಿ ಹೆಚ್ಚು ಬೇಕಾಗಿರುವುದು ಅದೇ. ದಿನಾಂಕ, ಹೊತ್ತು, ದಾರಿಯ ಮೇಲಾ ಪಕ್ಕದಲ್ಲಾ, ಅತಿ ದಪ್ಪ ಎಷ್ಟು, ಎಷ್ಟು ತುಂಡು, ಒಳಗೆ ಏನು ಕಂಡಿತು, ಗೀರು ಹೆಜ್ಜೆ ಇತ್ತಾ, ಇಷ್ಟು ಬರೆಯಿರಿ. ಪ್ರಾಣಿಯ ಹೆಸರಿನ ಮುಂದೆ 'ಖಚಿತ', 'ಇರಬಹುದು', 'ಗೊತ್ತಿಲ್ಲ' ಅಂತ ಮೂರರಲ್ಲಿ ಒಂದನ್ನ ಕಡ್ಡಾಯವಾಗಿ ಹಾಕಿ. ಪುಸ್ತಕದಲ್ಲಿ 'ಗೊತ್ತಿಲ್ಲ' ಒಂದೂ ಇಲ್ಲದವರ ಪಟ್ಟಿಯನ್ನ ನಾನು ನಂಬುವುದಿಲ್ಲ.

ಹುಲಿ, ಆನೆ, ನೀರುನಾಯಿ, ಮಂಗಟ್ಟೆ ಗೂಡು ಇವುಗಳ ನಿಖರ ಜಾಗವನ್ನ ಸಾರ್ವಜನಿಕವಾಗಿ ಹಾಕಬೇಡಿ. ಫೋಟೋದೊಳಗೆ ಸೇರಿರುವ ಲೊಕೇಶನ್ ಕೂಡ ತೆಗೆದು ಹಾಕಿ, ಬೇಟೆಯವರೂ ಅದೇ ಫೋನ್ ಬಳಸುತ್ತಾರೆ. ತೋಟದಲ್ಲೋ ಊರ ದಾರಿಯಲ್ಲೋ ಹೊಸ ಆನೆ ಲದ್ದಿ ಕಂಡರೆ ಮಾತ್ರ ತಡ ಮಾಡದೆ ಅಕ್ಕಪಕ್ಕದವರಿಗೆ, ಕೆಲಸಕ್ಕೆ ಹೊರಟವರಿಗೆ ಹೇಳಿ. ಹಾಸನ, ಕೊಡಗು, ಚಿಕ್ಕಮಗಳೂರು ಕಡೆ ಆನೆ ಕಾರ್ಯಪಡೆ ಇದೆ, ಉಳಿದ ಕಡೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನ್ ಮಾಡುವಾಗ ಲದ್ದಿ ಎಷ್ಟು ಹೊಸದು, ಉಂಡೆಗಳು ಒಂದೇ ಅಳತೆಯವಾ ಬೇರೆ ಬೇರೆಯವಾ, ಹೆಜ್ಜೆ ಯಾವ ಕಡೆ ಹೋಗಿದೆ, ಈ ಮೂರನ್ನ ಹೇಳಿ.